ಲಿನ್ ಆಂಟಿಯ ಬೋರಿಂಗು

ಇಂಗ್ಲಿಷ್ ಬರುವುದಿಲ್ಲ ಎನ್ನುವುದು ಒಂದು ಬಗೆಯ ಕಷ್ಟ. ಇಂಗ್ಲಿಷ್ ಬರುತ್ತದೆ ಎಂದು ನಂಬಿಕೊಂಡಿರುವುದು ಇನ್ನೊಂದು ಬಗೆಯದು. ಮೊದಲನೆಯವರು ಬಾಯಿ ಮುಚ್ಚಿಕೊಂಡು ಸುಖವಾಗಿರುತ್ತಾರೆ, ಎರಡನೆಯವರು ಊರವರಿಗೆಲ್ಲ ಕಲಿಸಲು ಹೊರಡುತ್ತಾರೆ. ಹುಬ್ಬಳ್ಳಿಯಿಂದ ಮೌಂಟನ್ ವ್ಯೂಗೆ ಬಂದಿಳಿದಾಗ ನಾನು ನಿಸ್ಸಂಶಯವಾಗಿ ಎರಡನೆಯ ಗುಂಪಿನವಳು. ಬಿ.ಎ.ದಲ್ಲಿ ಇಂಗ್ಲಿಷನ್ನು ಐಚ್ಛಿಕ ವಿಷಯವಾಗಿ ಓದಿದ್ದೆ. ಕಾಲೇಜಿನ ಚರ್ಚಾಸ್ಪರ್ಧೆಯಲ್ಲಿ ಸ್ಟೀಲಿನ ಲೋಟ ಗೆದ್ದಿದ್ದೆ. ಇಷ್ಟಿದ್ದರೂ ಅಮೆರಿಕದಲ್ಲಿ ನಾನು ಬಾಯಿ ತೆರೆದರೆ ಅಂಗಡಿಯವರು ಕತ್ತು ಸ್ವಲ್ಪ ಓರೆ ಮಾಡಿ ಮುಗುಳ್ನಗುತ್ತಿದ್ದರು. ಪಾಪ, ಈ ದೇಶದವರಿಗೆ ಕಿವಿ ಮಂದ ಎಂದುಕೊಂಡು ನಾನು ಇನ್ನಷ್ಟು ಗಟ್ಟಿಯಾಗಿ ಮಾತಾಡುತ್ತಿದ್ದೆ.

ಅದು ಎಲ್ಲದರ ಬಾಲಕ್ಕೂ ಡಾಟ್ ಕಾಮ್ ಅಂಟಿಕೊಂಡಿದ್ದ ಕಾಲ. ನಾಯಿಗೆ ಬಿಸ್ಕತ್ತು ಮಾರುವವನೂ ಡಾಟ್ ಕಾಮ್, ಮನೆಬಾಗಿಲಿಗೆ ಐಸ್‌ಕ್ರೀಮ್ ತಲುಪಿಸುವವನೂ ಡಾಟ್ ಕಾಮ್. ನಮ್ಮ ಯಜಮಾನರು ಪ್ರಕಾಶ್ ಕೆಲಸ ಮಾಡುತ್ತಿದ್ದ ಕಂಪನಿ ಏನು ಮಾರುತ್ತದೆ ಎಂದು ನಾನು ಬಹಳ ಸಲ ಕೇಳಿದ್ದೆ. ಅವರೂ ಬಹಳ ಸಲ ವಿವರಿಸಿದ್ದರು. ಕೊನೆಗೆ, ಅದು ಅವರಿಗೂ ಗೊತ್ತಿಲ್ಲ ಎಂಬುದು ನನಗೆ ಗೊತ್ತಾಗಿ ಕೇಳುವುದನ್ನು ಬಿಟ್ಟೆ. ಅವರು ಬೆಳಿಗ್ಗೆ ಆಫೀಸಿಗೆ ಹೋದರೆಂದರೆ ನಾನು, ಅಪಾರ್ಟ್‌ಮೆಂಟಿನ ನಾಲ್ಕು ಗೋಡೆ ಮತ್ತು ಕೆಲಸ ಮಾಡಲು ಬಿಡದ ನನ್ನ ವೀಸಾ, ಇಷ್ಟೇ ಮನೆಯಲ್ಲಿ ಉಳಿಯುತ್ತಿದ್ದುದು. ಕಲಿಸಬೇಕೆಂಬ ಚಟ ಬೇರೆ. ಯಾರಾದರೂ ಸಿಕ್ಕರೆ ಸಾಕಾಗಿತ್ತು.

ಸಿಕ್ಕವರು ಲಿನ್ ಆಂಟಿ. ನಮ್ಮ ಅಪಾರ್ಟ್‌ಮೆಂಟಿನವರೆಲ್ಲ ಬಟ್ಟೆ ಒಗೆಯುವ ಮಷಿನ್ನುಗಳಿದ್ದ ಕೋಣೆಯಲ್ಲಿ ಒಂದು ದಿನ, ಮಗನ ಪ್ಯಾಂಟುಗಳನ್ನು ತೋಳಿನ ಮೇಲೆ ಹೇರಿಕೊಂಡು, ಮಷಿನ್ನಿನ ಮೇಲೆ ಬರೆದಿದ್ದ 'ಡೆಲಿಕೇಟ್' ಎಂಬ ಪದವನ್ನು ದಿಟ್ಟಿಸುತ್ತ ನಿಂತಿದ್ದರು. ಅರವತ್ತರ ಹತ್ತಿರದ ವಯಸ್ಸು, ಗಿಡ್ಡ ಕತ್ತರಿಸಿದ ಬೆಳ್ಳಿಗೂದಲು, ಕೈಯಿಂದ ಹೆಣೆದ ಸ್ವೆಟರು. ನನ್ನತ್ತ ತಿರುಗಿ, "ವಾಟ್ ಮೀನ್?" ಎಂದರು. ನಾನು ನನ್ನ ಇಳಕಲ್ ಸೀರೆಯ ಸೆರಗನ್ನು ಎಳೆಗೂಸಿನ ಕೆನ್ನೆ ಸವರುವಂತೆ ಸವರಿ, ನಾಜೂಕು ಎಂಬುದನ್ನು ಅಭಿನಯಿಸಿ ತೋರಿಸಿದೆ. ಅವರು ಸೆರಗು ನೋಡಿದರು, ಮಗನ ಜೀನ್ಸ್ ನೋಡಿದರು. "ಮೈ ಸನ್ ನಾಟ್ ಡೆಲಿಕೇಟ್" ಎಂದು ಘೋಷಿಸಿ ಪಕ್ಕದ ಗುಂಡಿ ಒತ್ತಿಬಿಟ್ಟರು. ಇಂಥ ಬುದ್ಧಿವಂತ ವಿದ್ಯಾರ್ಥಿನಿಯನ್ನು ಬಿಡುವುದುಂಟೇ? ಮರುದಿನದಿಂದಲೇ ನಮ್ಮ ಅಡುಗೆಮನೆಯ ಮೇಜಿನ ಮೇಲೆ ಪಾಠ ಶುರುವಾಯಿತು.

ಆಂಟಿ ಚೀನಾದಿಂದ ಬಂದು ಮಗ ವೇ ಎಂಬವನ ಜೊತೆ ಇದ್ದರು. ಗಂಡ ತೀರಿಕೊಂಡಾಗ ವೇ ಇನ್ನೂ ಶಾಲೆಯಲ್ಲಿದ್ದನಂತೆ. ಒಬ್ಬರೇ ಸಾಕಿ, ಓದಿಸಿ, ಇಂಜಿನಿಯರ್ ಮಾಡಿದ್ದರು. ನಮ್ಮ ಬಾಗಿಲು ದಾಟಿ ಬಂದ ಮೊದಲ ದಿನ ಅವರು ಕೇಳಿದ್ದು, "ಯೂ ಈಟ್ ಆಲ್ರೆಡಿ?" ಅಂತ. ಅಂದರೆ ನಮ್ಮ 'ಊಟ ಆಯ್ತಾ'! ಆ ಊರಿನಲ್ಲಿ ಸಿಕ್ಕವರೆಲ್ಲ 'ಹೌ ಆರ್ ಯೂ' ಎಂದು ಕೇಳಿ, ಉತ್ತರ ಹೇಳುವಷ್ಟರಲ್ಲಿ ಕಾರು ಹತ್ತಿ ಹೋಗಿರುತ್ತಿದ್ದರು. ಊಟದ ಬಗ್ಗೆ ಕೇಳಿದ ಮೊದಲ ಜೀವ ಇದು.

ಕಲಿಸುತ್ತ ಹೋದಂತೆ ಇಂಥವು ಇನ್ನಷ್ಟು ಸಿಕ್ಕವು. ಅವರು 'ಲೈಟ್ ಆನ್ ಮಾಡು' ಎನ್ನುವುದಕ್ಕೆ 'ಓಪನ್ ಲೈಟ್' ಎನ್ನುತ್ತಿದ್ದರು. ಲೈಟ್ 'ಹಾಕುವ' ನಾಡಿನಿಂದ ಬಂದ ನನಗೆ ಅದರಲ್ಲಿ ತಪ್ಪೇನೂ ಕಾಣಲಿಲ್ಲ. ದೊಡ್ಡಪ್ಪನಿಗೊಂದು, ಚಿಕ್ಕಪ್ಪನಿಗೊಂದು, ಸೋದರಮಾವನಿಗೊಂದು ಹೆಸರಿಟ್ಟುಕೊಂಡ ಅವರಿಗೆ, ಎಲ್ಲರನ್ನೂ ಒಂದೇ ಗೋಣಿಚೀಲಕ್ಕೆ ತುಂಬಿ 'ಅಂಕಲ್' ಎಂದು ಬಾಯಿ ಕಟ್ಟುವ ಇಂಗ್ಲಿಷಿನ ಮೇಲೆ ನನಗಿದ್ದಷ್ಟೇ ಸಿಟ್ಟಿತ್ತು. ಅವನು, ಅವಳು ಎರಡಕ್ಕೂ ಅವರ ಮಾತಿನಲ್ಲಿ ಒಂದೇ ಸದ್ದಂತೆ. ಹಾಗಾಗಿ ತೀರಿಕೊಂಡ ಗಂಡನನ್ನು 'ಶೀ' ಎಂದು ನೆನೆದು ಕಣ್ಣೊರೆಸಿಕೊಳ್ಳುತ್ತಿದ್ದರು. ನಾನು ನಗಲಿಲ್ಲ. ನಮ್ಮವರು ಹಿಂದಿ ಮಾತಾಡಿದರೆ ಅದರಲ್ಲಿ ಲಾರಿಗೆ ಮೀಸೆ ಬಂದು, ಟ್ರಕ್ಕು ಬಳೆ ತೊಟ್ಟಿರುತ್ತದೆ.

ಇಂಥ ಸಾಮರಸ್ಯದ ನಡುವೆ ಒಂದು ಬೆಳಿಗ್ಗೆ ಆಂಟಿ ನಿಟ್ಟುಸಿರಿಟ್ಟು, "ಟುಡೇ ಐ ಆಮ್ ಬೋರಿಂಗ್" ಎಂದರು. ನಾನು, "ವೆರಿ ಗುಡ್ ಸೆಂಟೆನ್ಸ್, ಆಂಟಿ! ಮೀ ಟೂ!" ಎಂದೆ. ಯಾಕೆಂದರೆ ನಮಗೆ ಬೋರು ಎಂದರೆ ಬೋರು. ಮನುಷ್ಯನೂ ಬೋರು, ಸಿನಿಮಾವೂ ಬೋರು, ಭಾನುವಾರ ಮಧ್ಯಾಹ್ನವೂ ಬೋರು. ಯಾರಿಂದ ಯಾರಿಗೆ ಬೋರು ಎಂದು ಯಾರೂ ಪಂಚಾಯಿತಿ ಸೇರಿಸುವುದಿಲ್ಲ. ಇನ್ನು ನಮ್ಮ ಓಣಿಯಲ್ಲಿ ಬೋರಿಂಗ್ ಎಂದರೆ ಮೂಲೆಯಲ್ಲಿದ್ದ ಕೊಳವೆಬಾವಿಯ ಕೈಪಂಪು. 'ಬೋರಿಂಗಿನ ಹತ್ರ ಭೇಟಿ ಆಗೋಣ' ಎಂದರೆ ಅದು ಎಲ್ಲರಿಗೂ ಖುಷಿಯ ಸುದ್ದಿಯೇ ಆಗಿರುತ್ತಿತ್ತು. ಹೀಗೆ ಆ ಪದ ನನ್ನ ಮೇಜಿನಿಂದ ಪೂರ್ಣ ಅಂಕ ಪಡೆದು ಹೊರಟಿತು.

ಹೊರಟದ್ದು ನೇರ ಜೆನ್ನಿಯ ಹತ್ತಿರ. ಜೆನ್ನಿ ವಾಲ್ನಟ್ ಕ್ರೀಕ್ ಎಂಬ ಊರಿನ ಅಮೆರಿಕನ್ ಹುಡುಗಿ. ವೇ ಅವಳನ್ನು ಮದುವೆಯಾಗಬೇಕೆಂದಿದ್ದ. ಒಂದು ಭಾನುವಾರ ಮೊದಲ ಸಲ ತಾಯಿಗೆ ತೋರಿಸಲು ಕರೆತಂದ. ಅವಳು ಕೂತು ಸ್ವಲ್ಪ ಹೊತ್ತೂ ಆಗಿರಲಿಲ್ಲ, ವೇಯ ಆಫೀಸಿನಲ್ಲಿ ಏನೋ ಕೆಟ್ಟುಹೋಗಿ ಫೋನು ಬಂತು. ಮಾತಾಡಲು ಒಳಗೆ ಹೋದವನು ಕೋಣೆಯಿಂದ ಹೊರಗೇ ಬರಲಿಲ್ಲ. ಹುಡುಗಿ ತೊಡೆಯ ಮೇಲೆ ಕೈ ಇಟ್ಟುಕೊಂಡು ಗೋಡೆ ನೋಡುತ್ತ ಕೂತಳು. ಆಂಟಿಗೆ ಕರುಳು ಚುರ್ರೆಂದಿತು. ಕಿತ್ತಳೆ ಸುಲಿದು ತಟ್ಟೆಯಲ್ಲಿಟ್ಟು, ಅವಳ ಭುಜ ಸವರಿ, ಪ್ರೀತಿಯನ್ನೆಲ್ಲ ದನಿಗೆ ಸುರಿದು ಹೇಳಿದರು: "ಜೆನ್ನಿ, ಯೂ ಆರ್ ವೆರಿ ಬೋರಿಂಗ್."

ಜೆನ್ನಿ ಕಿತ್ತಳೆ ತಿನ್ನಲಿಲ್ಲ. ಕಾರಿನಲ್ಲಿ ಕೂತು ಅತ್ತಳಂತೆ.

ಮರುದಿನ ವೇ ನಮ್ಮ ಬಾಗಿಲು ತಟ್ಟಿದ. ತುಂಬ ಸಭ್ಯ ಹುಡುಗ. ನಡೆದದ್ದನ್ನೆಲ್ಲ ಹೇಳಿ, "ಗಿರಿಜಾ, ಅಮ್ಮನಿಗೆ ಆ ಪದ ಯಾರು ಕಲಿಸಿರಬಹುದು?" ಎಂದು ಮೆಲ್ಲಗೆ ಕೇಳಿದ. ನಾನು ಚಾವಣಿ ನೋಡಿದೆ. ಅವನು ಹೋದ ಮೇಲೆ ಪ್ರಕಾಶ್ ಸೋಫಾದಲ್ಲಿ ಹೊಟ್ಟೆ ಹಿಡಿದುಕೊಂಡು ಉರುಳಾಡಿದರು.

"ಏನ್ ಮಾಸ್ತರಿಕಿ ಮಾಡೀಯಲೇ ಮಾರಾಯ್ತಿ! ಆ ಹುಡುಗನ ಲಗ್ನಾನ ಮುರದ ಬಿಟ್ಟೆಲ್ಲ!"

"ನಗಬ್ಯಾಡ್ರಿ. ನಿಮಗ ಗೊತ್ತಿತ್ತೇನು ಹೇಳ್ರಿ, ಬೋರ್ಡ್ ಅಂದ್ರ ಏನು, ಬೋರಿಂಗ್ ಅಂದ್ರ ಏನು?"

ಅವರು ನಗು ನಿಲ್ಲಿಸಿ ಯೋಚಿಸಿದರು. ಆಮೇಲೆ, ತಮ್ಮ ಮ್ಯಾನೇಜರಿಗೆ ಹೋದ ವಾರ ಏನು ಹೇಳಿದ್ದೆ ಎಂದು ನೆನಪಾಗಿರಬೇಕು, ಮುಖ ಗಂಭೀರವಾಯಿತು.

ಸಂಜೆ ಆಂಟಿ ಬಂದರು. ಊಟ ಆಯಿತೇ ಎಂದು ಕೇಳಲಿಲ್ಲ. ಕುರ್ಚಿಯ ತುದಿಯಲ್ಲಿ ಕೂತು, "ಐ ಸೇ ಗುಡ್ ವರ್ಡ್. ಹೀ ಕ್ರೈ" ಎಂದರು. ಆ 'ಹೀ' ಜೆನ್ನಿ. ಮತ್ತೆ, "ಜೆನ್ನಿ ಗೋ, ಮೈ ಸನ್ ಆಲ್ಸೋ ಗೋ" ಎಂದರು. ಇರುವ ಒಬ್ಬ ಮಗ, ಗೊತ್ತಿಲ್ಲದ ದೇಶ, ಕೈಕೊಟ್ಟ ಒಂದು ಪದ. ನನಗೆ ಚರ್ಚಾಸ್ಪರ್ಧೆಯ ಲೋಟದಲ್ಲಿ ಮುಳುಗಿಬಿಡಬೇಕು ಅನಿಸಿತು. ಎದ್ದು ಹೋಗಿ ಡಬ್ಬಿಯಿಂದ ಒಂದು ಬ್ಯಾಡಗಿ ಮೆಣಸಿನಕಾಯಿ ತಂದು ಅವರ ಮುಂದಿಟ್ಟೆ. ಮೆಣಸಿನಕಾಯಿ ತೋರಿಸಿ, "ದಿಸ್ ಈಸ್ ಬೋರಿಂಗ್" ಎಂದೆ. ನಾಲಿಗೆ ಚಾಚಿ ಗಾಳಿ ಹಾಕಿಕೊಂಡು, "ದಿಸ್ ಈಸ್ ಬೋರ್ಡ್" ಎಂದೆ. ಉರಿಸುವುದು ಒಂದು, ಉರಿಸಿಕೊಳ್ಳುವುದು ಇನ್ನೊಂದು. ಆಂಟಿ ಮೆಣಸಿನಕಾಯಿಯನ್ನೂ ನನ್ನ ನಾಲಿಗೆಯನ್ನೂ ಬಾರಿಬಾರಿಗೆ ನೋಡಿದರು. ಇದ್ದಕ್ಕಿದ್ದಂತೆ ಎರಡೂ ಕೆನ್ನೆಗೆ ಕೈ ಹಚ್ಚಿ, "ಅಯ್ಯಾ!" ಎಂದರು. ಚೀನೀ ಭಾಷೆಯಲ್ಲೂ ಅಯ್ಯೋ ಎನ್ನುವುದಕ್ಕೆ ಹೆಚ್ಚುಕಡಿಮೆ ಅಯ್ಯೋ ಎಂದೇ ಅನ್ನುತ್ತಾರೆಂದು ಆಗ ತಿಳಿಯಿತು.

ದೇವರು ದೊಡ್ಡವನು. ಜೆನ್ನಿಯ ತಾಯಿ ಮಾರ್ಗರೆಟ್ ಊಟಕ್ಕೆ ಬನ್ನಿ ಎಂದು ತಾಯಿ-ಮಗ ಇಬ್ಬರನ್ನೂ ಕರೆದರು. ಮಗಳಿಗೆ ಬೇಡದ ಸಂಬಂಧವೋ ಹೇಗೆ ಎಂದು ಕಣ್ಣಾರೆ ನೋಡಿಬಿಡೋಣ ಎಂಬ ಲೆಕ್ಕ ಇದ್ದಿರಬೇಕು. ಆಂಟಿ, "ಟೀಚರ್ ಗೋ, ಐ ಗೋ" ಎಂದು ಪಟ್ಟು ಹಿಡಿದರು. ಹೀಗೆ ಚೀನೀ ಭಾಷೆಯ ಒಂದಕ್ಷರವೂ ಗೊತ್ತಿಲ್ಲದ ನಾನು ದುಭಾಷಿಯಾಗಿ ವಾಲ್ನಟ್ ಕ್ರೀಕಿಗೆ ಹೊರಟೆ. ವೇ ಕಾರು ಓಡಿಸುತ್ತಿದ್ದ. ಹಿಂದೆ ಕೂತು ನಾನು ಆಂಟಿಗೆ ವಾಕ್ಯ ಬಾಯಿಪಾಠ ಮಾಡಿಸಿದೆ: 'ಜೆನ್ನಿ, ಐ ಆಮ್ ಸಾರಿ, ಐ ಥಾಟ್ ಯೂ ವರ್ ಬೋರ್ಡ್.' ಸೇತುವೆ ದಾಟುವಷ್ಟರಲ್ಲಿ ಅವರಿಗೆ ಬಂತು. ಫ್ರೀವೇ ಹತ್ತುವಷ್ಟರಲ್ಲಿ ಮರೆತಿತ್ತು. ಊರು ಬಂದಾಗ 'ಡ್' ಮಾತ್ರ ಉಳಿದಿತ್ತು.

ಮಾರ್ಗರೆಟ್ ಎತ್ತರದ, ನಿಧಾನವಾಗಿ ಮಾತಾಡುವ ಹೆಂಗಸು. ಜೆನ್ನಿ ಮೇಜಿನ ಆ ಬದಿಯಲ್ಲಿ ತಟ್ಟೆ ನೋಡುತ್ತ ಕೂತಳು. ಇನ್ನು ನಾನೇ ಕೈಹಾಕಬೇಕೆಂದು ಗಂಟಲು ಸರಿಮಾಡಿಕೊಂಡು ಶುರುಮಾಡಿದೆ: "ಮೇಡಂ, ಆಂಟಿ ಈಸ್ ಟೇಕಿಂಗ್ ಟೂ ಮಚ್ ಟೆನ್ಶನ್. ಫ್ರಂ ಮಾರ್ನಿಂಗ್ ಇಟ್‌ಸೆಲ್ಫ್ ಶೀ ಹ್ಯಾಸ್ ನಾಟ್ ಟೇಕನ್ ಟಿಫಿನ್. ಕೈಂಡ್ಲಿ ಅಡ್ಜಸ್ಟ್."

ಮಾರ್ಗರೆಟ್ ಕತ್ತು ಓರೆ ಮಾಡಿ ಮುಗುಳ್ನಕ್ಕರು. ವೇಯತ್ತ ನೋಡಿದರು. ವೇ ಉಪ್ಪಿನ ಡಬ್ಬಿಯತ್ತ ನೋಡಿದ. ಆಗ ಲಿನ್ ಆಂಟಿ ನನ್ನ ಕೈ ಮೇಲೆ ಕೈಯಿಟ್ಟು ಮಾರ್ಗರೆಟ್‌ಗೆ ಹೇಳಿದರು:

"ಟೀಚರ್ ಸೇ, ಐ ವರಿ. ಐ ನೋ ಈಟ್ ಬ್ರೇಕ್‌ಫಾಸ್ಟ್."

"ಓ!" ಎಂದರು ಮಾರ್ಗರೆಟ್. ಮುಖ ಅರಳಿತು. ಬ್ರೆಡ್ಡಿನ ಬುಟ್ಟಿ ತಕ್ಷಣ ಆಂಟಿಯತ್ತ ಸರಿಯಿತು.

ಆಂಟಿ ಬ್ರೆಡ್ಡು ಮುಟ್ಟಲಿಲ್ಲ. ಎದ್ದು ನಿಂತರು. ಬಾಯಿಪಾಠದ ವಾಕ್ಯಕ್ಕಾಗಿ ನನ್ನ ಮುಖ ನೋಡಿದರು. ನನಗೂ ಮರೆತಿತ್ತು. ಅವರು ಮೇಜು ಸುತ್ತಿ ಹೋಗಿ ಜೆನ್ನಿಯ ಪಕ್ಕ ನಿಂತು, ಅವಳ ಕೈ ಹಿಡಿದುಕೊಂಡರು.

"ಜೆನ್ನಿ. ದಟ್ ಡೇ, ಯೂ ಬೋರ್-ಡ್." ಆ 'ಡ್' ಮೊಳೆ ಹೊಡೆದಂತೆ ಬಿತ್ತು. "ಮೈ ಸನ್ ಟೆಲಿಫೋನ್, ಟೆಲಿಫೋನ್. ಮೈ ಸನ್ ಬೋರಿಂಗ್. ಯೂ, ನೋ ಬೋರಿಂಗ್! ಐ ವೆರಿ ಲೈಕ್ ಯೂ. ಕಮ್ ಮೈ ಹೌಸ್, ಪ್ಲೇ. ನೆಕ್ಸ್ಟ್ ಟೈಮ್ ಐ ಕ್ಲೋಸ್ ಟೆಲಿಫೋನ್."

ಜೆನ್ನಿ ಒಂದು ಕ್ಷಣ ಅವರ ಮುಖವನ್ನೇ ನೋಡಿದಳು. ಆಮೇಲೆ ಫಕ್ಕನೆ ನಕ್ಕಳು, ನಗುತ್ತಲೇ ಕಣ್ಣು ತುಂಬಿಕೊಂಡು, ಎದ್ದು, ತನ್ನ ಎದೆಯ ಮಟ್ಟಕ್ಕೂ ಬಾರದ ಆ ಮುದುಕಿಯನ್ನು ಬಾಚಿ ತಬ್ಬಿಕೊಂಡಳು. "ಅವನು ಬೋರಿಂಗ್, ನಿಜವಾಗಿಯೂ ಬೋರಿಂಗ್!" ಎಂದು ಅವಳು ಇಂಗ್ಲಿಷಿನಲ್ಲಿ ಹೇಳುತ್ತಿದ್ದರೆ, ಆಂಟಿ "ಯೆಸ್, ಯೆಸ್!" ಎಂದು ಅವಳ ಬೆನ್ನು ತಟ್ಟುತ್ತಿದ್ದರು. ವೇಗೆ ತನ್ನ ಬಗ್ಗೆ ಬಂದ ಈ ಒಮ್ಮತದಿಂದ ಪರಮಾನಂದವಾದಂತಿತ್ತು. ಮಾರ್ಗರೆಟ್ ಕಣ್ಣೊರೆಸಿಕೊಂಡು ಎಲ್ಲರಿಗೂ ಇನ್ನೊಮ್ಮೆ ಬಡಿಸಿದರು. ನಾನು ಸಸ್ಯಾಹಾರಿ ಎಂಬುದನ್ನು ಬಹಳ ವಿಸ್ತಾರವಾಗಿ ವಿವರಿಸಿದೆ. ಆಂಟಿ ಅದನ್ನು "ನೋ ಮೀಟ್" ಎಂದು ಅನುವಾದಿಸಿದರು. ನನಗೆ ಬೇಯಿಸಿದ ಆಲೂಗಡ್ಡೆ ಬಂತು.

ಹೊರಡುವಾಗ ಮಾರ್ಗರೆಟ್ ಕಾರಿನವರೆಗೂ ಬಂದರು. ಆಂಟಿಯ ಎರಡೂ ಕೈ ಹಿಡಿದುಕೊಂಡು, ದನಿ ತಗ್ಗಿಸಿ, ಆದರೆ ನನಗೆ ಕೇಳುವಷ್ಟು ಸ್ಪಷ್ಟವಾಗಿ ಹೇಳಿದರು: "ನಿಮ್ಮ ಗೆಳತಿಯನ್ನೂ ಮತ್ತೆ ಕರೆದುಕೊಂಡು ಬನ್ನಿ. ತುಂಬ ಒಳ್ಳೆಯವರು. ನಿಮ್ಮ ಜೊತೆ ಹೀಗೇ ಇದ್ದರೆ ಅವರ ಇಂಗ್ಲಿಷೂ ಬೇಗ ಸುಧಾರಿಸುತ್ತದೆ."

ನಾನು ಬಾಯಿ ತೆರೆದೆ. ಅಷ್ಟರಲ್ಲಿ ಲಿನ್ ಆಂಟಿ ನನ್ನ ಭುಜ ತಟ್ಟುತ್ತ, ಅಭಿಮಾನದಿಂದ, "ಶೀ ಈಸ್ ಟ್ರೈಯಿಂಗ್ ವೆರಿ ಹಾರ್ಡ್" ಎಂದರು.

ನನ್ನ ಪಾಠ ಶುರುವಾದಂದಿನಿಂದ ಅವರ ಬಾಯಲ್ಲಿ ಒಂದು ತಪ್ಪೂ ಇಲ್ಲದೆ ಬಂದ ಇಷ್ಟು ಉದ್ದದ ವಾಕ್ಯ ಅದೊಂದೇ.