ತವರು ಬಿಡದ ಮಿಕ್ಸಿ

ಮದುವೆಯಾಗಿ ಕತ್ತಲಗೆರೆಗೆ ಬಂದ ಮೇಲೆ ನಾನು ನ್ಯಾಮತಿಯ ತವರಿಗೆ ಹೋದದ್ದು ಅಣ್ಣನ ಮದುವೆಗೆ ಒಮ್ಮೆ, ಬಾಣಂತನಕ್ಕೆ ಒಮ್ಮೆ. ನಮ್ಮ ಮನೆಯ ಮಿಕ್ಸಿ ಹಾಗಲ್ಲ. ಚನ್ನಗಿರಿಯ ಷಣ್ಮುಖಪ್ಪನ ಅಂಗಡಿ ಅದರ ತವರು. ಹಬ್ಬಕ್ಕೂ ಹೋಗುತ್ತಿತ್ತು, ಹುಣ್ಣಿಮೆಗೂ ಹೋಗುತ್ತಿತ್ತು. ಹೋದರೆ ಬೇಗ ಬರುವ ಮಾತಿಲ್ಲ. ಬಂದರೂ ಎರಡು ದಿನ ಗಂಡನ ಮನೆಯಲ್ಲಿ ಗುರುಗುಟ್ಟಿಕೊಂಡು ತಿರುಗಿ, ಒಂದಿಷ್ಟು ಸುಟ್ಟ ವಾಸನೆ ಬಿಟ್ಟು, ಮತ್ತೆ ಬಸ್ಸು ಹತ್ತಲು ಸಿದ್ಧ. ಹೆಣ್ಣುಮಕ್ಕಳಿಗಿಲ್ಲದ ಈ ಸೌಭಾಗ್ಯ ಒಂದು ಯಂತ್ರಕ್ಕೆ ದಕ್ಕಿದ್ದನ್ನು ಕಂಡು ನನಗೆ ಸಿಟ್ಟಿಗಿಂತ ಹೊಟ್ಟೆಕಿಚ್ಚೇ ಹೆಚ್ಚಾಗಿತ್ತು.

ಇದು ಶುರುವಾದದ್ದು ಹೋದ ವರ್ಷ, ಎಂಬತ್ತನಾಲ್ಕನೆಯ ಇಸವಿಯಲ್ಲಿ. ನಮ್ಮ ಬೀದಿಗೆ ಬಂದ ಮೊದಲ ಮಿಕ್ಸಿ ಅದು. ತರಿಸಿದವಳು ನಾನು. ಕಾರಣ ನನ್ನ ಮಗಳು. ಆಗಿನ್ನೂ ಅಂಬೆಗಾಲಿಡುತ್ತಿದ್ದ ಆ ಕೂಸಿಗೆ ಮೂರು ಲೋಕದಲ್ಲಿ ಚೆಂದದ ವಸ್ತು ಎಂದರೆ ರುಬ್ಬುವ ಕಲ್ಲಿನಲ್ಲಿ ತಿರುಗುವ ಗುಂಡು. ಒಂದು ಕೈಯಿಂದ ಗುಂಡು ತಿರುಗಿಸಬೇಕು, ಇನ್ನೊಂದರಿಂದ ಹಿಟ್ಟು ದೂಡಬೇಕು. ಕೂಸನ್ನು ಹಿಡಿಯಲು ಮೂರನೆಯ ಕೈಯನ್ನು ಬ್ರಹ್ಮ ಕೊಟ್ಟಿಲ್ಲ (ತನಗೆ ಮಾತ್ರ ನಾಲ್ಕು ಇಟ್ಟುಕೊಂಡಿದ್ದಾನೆ). ಒಂದು ದಿನ ಅದರ ಪುಟ್ಟ ಬೆರಳು ಗುಂಡಿನಡಿ ಸಿಕ್ಕುವುದು ಸ್ವಲ್ಪದರಲ್ಲಿ ತಪ್ಪಿತು. ಅವತ್ತೇ ಹಟ ಹಿಡಿದೆ. ಹೈಸ್ಕೂಲು ಮೇಷ್ಟ್ರಾದ ನಮ್ಮ ಮನೆಯವರು ಮಿಕ್ಸಿ ತಂದರು. ಕಲ್ಲು ಹಿತ್ತಲಿಗೆ ಹೋಯಿತು.

ಅತ್ತೆ ಸರ್ವಮಂಗಳಮ್ಮನವರು ಕಲ್ಲು ಉರುಳುವುದನ್ನು ನೋಡುತ್ತ ನಿಂತಿದ್ದು ತಮ್ಮ ಷರತ್ತು ಹೇಳಿದರು.

"ನೋಡು ಪ್ರೇಮಾ, ಅಂಗಡಿಯೋನು ಒಂದು ವರ್ಷ ಗ್ಯಾರಂಟಿ ಕೊಟ್ಟಾನೆ. ನಾನೂ ಅಷ್ಟೇ ಕೊಡ್ತೀನಿ. ಬರೋ ಯುಗಾದಿಗೆ ಅದು ನೆಟ್ಟಗಿದ್ರೆ ಸರಿ. ಇಲ್ಲಾಂದ್ರೆ ಕಲ್ಲು ಒಳಗೆ ಬರ್ತೈತೆ. ಆಮ್ಯಾಲೆ ಈ ಮನ್ಯಾಗೆ ಕರೆಂಟಿನ ಸಾಮಾನು ಅಂತ ಬಾಯಿ ಬಿಡಂಗಿಲ್ಲ."

ಒಪ್ಪಿಕೊಂಡೆ. ಮಿಕ್ಸಿಯ ಗುಣ ಆಗಿನ್ನೂ ಗೊತ್ತಿರಲಿಲ್ಲ.

ಮೊದಲ ಸಲ ಕೆಟ್ಟಾಗ ಷಣ್ಮುಖಪ್ಪ, "ನಿಮ್ಮೂರ ವೋಲ್ಟೇಜು ಕಮ್ಮಿ ತಾಯಿ" ಎಂದ. ಎರಡನೆಯ ಸಲ ವೋಲ್ಟೇಜು ಹೆಚ್ಚಾಗಿತ್ತು. ಆಮೇಲೆ ಬೇಳೆ ಜಾಸ್ತಿ ಹಾಕಿದ್ದೆ, ಅದಾದ ಮೇಲೆ ನೀರು ಕಮ್ಮಿ ಹಾಕಿದ್ದೆ. ಕಡೆಗೊಮ್ಮೆ ಜಾರಿನ ಮುಚ್ಚಳ ಮೂಸಿ ನೋಡಿ, "ಏನು ರುಬ್ಬಿದ್ರಿ ಇದರಾಗೆ?" ಎಂದು ಕೇಳಿದ.

"ಶೇಂಗಾ ಚಟ್ನಿ."

"ಅದಕ್ಕೇ. ಶೇಂಗಾ ಉಷ್ಣ ನೋಡ್ರಿ, ಮೋಟ್ರು ಬಿಸಿ ಆಗೈತೆ."

ಮನೆಯವರು ಕಂಪನಿಗೆ ಇಂಗ್ಲಿಷಿನಲ್ಲಿ ಕಾಗದ ಬರೆದರು. ಮಾರಿದವರನ್ನು ಕಾಣಿರಿ ಎಂದು ಕಂಪನಿ ಹೇಳಿತು. ಮಾರಿದವನು ಕಂಪನಿಗೆ ಬರೀರಿ ಎಂದ. ಬೀಗರಿಬ್ಬರ ಜಗಳದಲ್ಲಿ ಮದುಮಗಳು ಬೀದಿಯಲ್ಲಿ ನಿಂತ ಹಾಗಾಯಿತು ನನ್ನ ಪಾಡು. ಅತ್ತೆಯ ಬಳಿ ಬೇರೆಯದೇ ಪರಿಹಾರವಿತ್ತು.

"ಸೂಳೆಕೆರೆ ಅಷ್ಟು ದೊಡ್ಡದೈತೆ. ಅದರಾಗೆ ಬಿಟ್ಟು ಬಾ ಅನ್ನು ನಿನ್ನ ಹೆಂಡ್ತಿಗೆ. ಮೀನಾದ್ರೂ ರುಬ್ಬಿಕ್ಯಂಡು ತಿನ್ಲಿ."

ಯುಗಾದಿಗೆ ತಿಂಗಳೊಪ್ಪತ್ತು ಉಳಿದಿತ್ತು. ಮಿಕ್ಸಿ ಎಂದಿನಂತೆ ತವರಿನಲ್ಲಿತ್ತು. ಆಗ ನನ್ನ ತಲೆಯಲ್ಲಿ ಒಂದು ದಿವ್ಯ ಯೋಚನೆ ಹೊಳೆಯಿತು. ಸಂತೆಯ ದಿನ ಪಡ್ಡಿಗೆ ನೆನೆಸಿದ ಅಕ್ಕಿ-ಬೇಳೆಯನ್ನು ಡಬ್ಬಿಗೆ ತುಂಬಿ, ಕೂಸನ್ನು ಸೊಂಟಕ್ಕೇರಿಸಿ, ಮೊದಲ ಬಸ್ಸಿಗೇ ಚನ್ನಗಿರಿಯಲ್ಲಿಳಿದೆ.

"ಸಾವ್ಕಾರ್ರೇ, ನಮ್ಮ ಮಿಕ್ಸಿ ನಿಮ್ಮಲ್ಲೈತೆ, ನಮ್ಮಲ್ಲಿ ಅಕ್ಕಿ ನೆಂದೈತೆ. ಹೊಸದು ಕೊಡೋ ತಂಕ ನಮ್ಮ ಮನಿ ರುಬ್ಬೋದೆಲ್ಲ ಇಲ್ಲೇ."

"ಇದೇನು ಹಿಟ್ಟಿನ ಗಿರಣಿನಾ ತಾಯಿ?"

"ಗಿರಣಿ ಆಗಿದ್ರೆ ಇಷ್ಟು ಸಾರಿ ಬರ್ತಿರಲಿಲ್ಲ ಬಿಡ್ರಿ."

ಮೇಜಿನ ಮೇಲೆ ತೋರಿಸಲು ಇಟ್ಟಿದ್ದ ಮಿಕ್ಸಿಗೆ ಅಕ್ಕಿ ಸುರಿದು ಗುಂಡಿ ಒತ್ತಿಯೇ ಬಿಟ್ಟೆ. ನನ್ನ ವ್ಯೂಹ ಇಷ್ಟು: ಸಂತೆಯ ಜನ ಸೇರುತ್ತಾರೆ, ನಾನು ನನ್ನ ಗೋಳನ್ನು ಸಾದ್ಯಂತ ಸಾರುತ್ತೇನೆ, ಇವನ ವ್ಯಾಪಾರ ಮಣ್ಣುಗೂಡುತ್ತದೆ, ಕೈಮುಗಿದು ಹೊಸದು ಕೊಡುತ್ತಾನೆ. ಜನ ಸೇರಿದರು. ನಾನು ಸಾರಿದೆ. ಆದರೆ ಮಿಕ್ಸಿಯ ಆರ್ಭಟದಲ್ಲಿ ನನ್ನ ಒಂದು ಮಾತೂ ಯಾರ ಕಿವಿಗೂ ಬೀಳಲಿಲ್ಲ. ಬಾಯಿ ಆಡಿಸುತ್ತ ಕೈ ಬೀಸುತ್ತಿದ್ದ ನನ್ನನ್ನು ಕಂಡು, ಮಿಕ್ಸಿಯನ್ನು ಹಾಡಿ ಹೊಗಳುತ್ತಿದ್ದಾಳೆ ಎಂದುಕೊಂಡರು. ಅದೇ ಕಂಪನಿಯ ನನ್ನ ಮಿಕ್ಸಿ ಮನೆಯಲ್ಲಿ ಒಮ್ಮೆಯೂ ಹಾಗೆ ರುಬ್ಬಿದ್ದಲ್ಲ, ಈ ದ್ರೋಹಿ ಯಂತ್ರವೋ ಅಂಗಡಿಯಲ್ಲಿ ಹಿಟ್ಟನ್ನು ಬೆಣ್ಣೆ ಮಾಡಿ ಕೊಟ್ಟಿತು.

"ಚಟ್ನಿನೂ ಆಗ್ತೈತೇನವ್ವ?" ಎಂದು ಹಿಂದಿನಿಂದ ಯಾರೋ ಕೇಳಿದರು.

ನನ್ನ ಚಟ್ನಿಯ ವಿಷಯದಲ್ಲಿ ಸಂದೇಹದ ಮಾತು ಬಂದರೆ ನಾನು ಸಹಿಸುವವಳಲ್ಲ. ಷಣ್ಮುಖಪ್ಪ ಶೇಂಗಾ, ಹಸಿಮೆಣಸಿನಕಾಯಿ ತರಿಸಿದ (ಉಷ್ಣದ ಮಾತು ಅವನಿಗೆ ಮರೆತಿತ್ತು). ಎದುರಿನ ಅಂಗಡಿಯಿಂದ ಮಂಡಕ್ಕಿಯೂ ಬಂತು. ಜನ ಸಾಲಾಗಿ ಕೈಯೊಡ್ಡಿದರು. ಹೊರಡುವಾಗ ಷಣ್ಮುಖಪ್ಪ ಬಸ್ಸಿನವರೆಗೆ ಬಂದು ಡಬ್ಬಿ ಎತ್ತಿಕೊಟ್ಟ.

"ಬರೋ ಸಂತೆಗೆ ಬಾ ತಾಯಿ. ಹೊಸ ಮಾಲು ಬರ್ತೈತೆ, ನಿನಗೇ ಮೊದಲು."

ಮುಂದಿನ ಸಂತೆಗೆ ಹೋದರೆ ನನಗೊಂದು ಕುರ್ಚಿ ಹಾಕಿದ್ದ, ಕೂಸಿಗೆ ಜೋಳಿಗೆ ಕಟ್ಟಿದ್ದ. ಮಾಲು ಮಾತ್ರ ಬಂದಿರಲಿಲ್ಲ. ಹೆದರಿದ್ದಾನೆ ಎಂದುಕೊಂಡು ಇನ್ನಷ್ಟು ಜೋರಾಗಿ ರುಬ್ಬಿದೆ. ಅದರ ಮುಂದಿನ ಸಂತೆಗೆ ಅವನೇ ಕೊಬ್ಬರಿ ಒಡೆಸಿಟ್ಟಿದ್ದ. ಆ ರಾತ್ರಿ ನನ್ನ ಡೈರಿಯಲ್ಲಿ "ಶತ್ರು ಸೋಲುತ್ತಿದ್ದಾನೆ" ಎಂದು ಬರೆದೆ.

ಯುಗಾದಿ ಹತ್ತಿರಾದಾಗ ನಮ್ಮ ಬೀದಿಯ ಕಲ್ಲಮ್ಮ, ಕೊಟ್ರಮ್ಮ ಮತ್ತು ಇನ್ನೂ ಕೆಲವರು ನಮ್ಮ ಪಡಸಾಲೆಗೆ ಬಂದು ಕೂತರು. ಎಲ್ಲರ ಮಡಿಲಲ್ಲೂ ಒಂದೊಂದು ಮಿಕ್ಸಿ.

"ಇದು ಗುರ್ ಅಂತೈತೆ, ತಿರುಗಲ್ಲ. ಸರಿ ಮಾಡು" ಎಂದಳು ಕಲ್ಲಮ್ಮ.

"ನಾನ್ಯಾಕೆ ಮಾಡ್ಲಿ? ಅಂಗಡಿಗೆ ಒಯ್ಯಿರಿ."

"ಒಯ್ದಿದ್ವಿ. 'ಮೇಷ್ಟ್ರ ಮನಿಯೋರು ವಾರವಾರ ಇದರಾಗೇ ರುಬ್ತಾರೆ. ಅವರ ಕೈಯಾಗೆ ಕೆಡದೇ ಇದ್ದದ್ದು ನಿಮ್ಮ ಕೈಯಾಗೆ ಹೆಂಗೆ ಕೆಡ್ತೈತೆ? ಹೋಗಿ ಕಲ್ತುಕಂಡು ಬರ್ರಿ' ಅಂದ."

"ನಿನ್ನ ಚಟ್ನಿ ತಿಂದೇ ಅಲ್ಲೇನೆ ನಾವು ತಗಂಡಿದ್ದು" ಎಂದು ಕೊಟ್ರಮ್ಮ ಸೇರಿಸಿದಳು. "ಹೇಳು ಮತ್ತೆ, ತಿಂಗಳಿಗೆ ಏನು ಕೊಡ್ತಾನೆ ನಿನಗೆ?"

ಕುರ್ಚಿ, ಜೋಳಿಗೆ, ಕೊಬ್ಬರಿ ಎಲ್ಲದರ ಅರ್ಥ ಒಟ್ಟಿಗೇ ಆಯಿತು. ಒಳಗಿನಿಂದ ಅತ್ತೆ ಬಂದರು. ನಗುತ್ತಾರೆ ಎಂದುಕೊಂಡೆ. ಅವರ ಮುಖದಲ್ಲಿ ನಗುವಿರಲಿಲ್ಲ.

"ಏನೂ ಕೊಡಲ್ಲ ಕೊಟ್ರಮ್ಮ. ನನ್ನ ಸೊಸಿ ಕೂಸು ಕಟ್ಟಿಕ್ಯಂಡು ಹೋಗಿ ಪುಗಸಟ್ಟೆ ದುಡ್ದು ಬಂದಾಳೆ." ಸೆರಗು ಬಿಗಿದರು. "ನಾಳೆ ಎಲ್ಲಾರೂ ಹೋಗಣ. ನಾನೂ ಬರ್ತೀನಿ."

"ಹೂಂ, ನಡೀರಿ ಅತ್ತೆ" ಎಂದು ನಾನು ಎದ್ದೆ.

"ನೀನು ಬ್ಯಾಡ. ನೀನು ಬಂದ್ರೆ ಅವನು ಇನ್ನೂ ಹತ್ತು ಮಾರ್ತಾನೆ."

ಹೀಗೆ ಚಳವಳಿಯ ಮೂಲ ಪುರುಷಳಾದ ನನ್ನನ್ನು, ಸೈನ್ಯದ ಅಷ್ಟೂ ಮಕ್ಕಳನ್ನು ನೋಡಿಕೊಳ್ಳಲು ಮನೆಯಲ್ಲಿ ಬಿಟ್ಟು ಸೈನ್ಯ ಬಸ್ಸು ಹತ್ತಿತು.

ಸಂಜೆ ಇಳಿದಾಗ ಎಲ್ಲರ ಕಂಕುಳಲ್ಲೂ ಹೊಸ ಪೆಟ್ಟಿಗೆ. ಕಲ್ಲಮ್ಮನ ವರದಿ ಹೀಗಿತ್ತು: "ನಿಮ್ಮತ್ತೆ ಕೆಟ್ಟ ಮಿಕ್ಸಿ ಎಲ್ಲಾ ಅಂಗಡಿ ಬಾಗಿಲಾಗೆ ಸಾಲಾಗಿ ಜೋಡ್ಸಿ, ಪಕ್ಕದಾಗೆ ಎಲಿ ಅಡಿಕೆ ಹಾಕ್ಕಂತ ಕುಂತ್ಲು. ಬಂದೋರಿಗೆಲ್ಲಾ 'ಬರ್ರಿ ಬರ್ರಿ, ಇದರಾಗೆ ತಿರುಗೋದು ಯಾವುದೈತೆ ಹುಡುಕ್ರಿ ನೋಡಣ' ಅಂತಿದ್ಲು. ಒಬ್ಬರೂ ಒಳಗೆ ಕಾಲಿಡ್ಲಿಲ್ಲ. ಮಧ್ಯಾಹ್ನಕ್ಕೆ ಸಾವ್ಕಾರ ಕೈ ಮುಗ್ದ."

ಅಷ್ಟು ರುಬ್ಬಿ, ಅಷ್ಟು ಕಿರುಚಿ ನಾನು ಮಾಡಲಾಗದ್ದನ್ನು ಅತ್ತೆ ಕೂತು ಎಲೆ ಅಡಿಕೆ ಜಗಿದೇ ಮಾಡಿದ್ದರು. ಗ್ಯಾರಂಟಿ ಕಾರ್ಡಿಗೂ ಹೊಸ ತಾರೀಕು ಹಾಕಿಸಿ ಮೊಹರು ಒತ್ತಿಸಿ ತಂದಿದ್ದರು. ಕಣ್ಣು ತುಂಬಿ ಬಂತು. ಕಾಲು ಮುಟ್ಟಿ ನಮಸ್ಕರಿಸಿ, ಅಕ್ಕಿ ನೆನೆಸಲು ಒಳಗೋಡಿದೆ.

ತಿರುಗಿ ಬಂದರೆ ಅತ್ತೆ ಪೆಟ್ಟಿಗೆಗೆ ತಮ್ಮ ಹಳೆಯ ಸೀರೆ ಸುತ್ತುತ್ತಿದ್ದರು.

"ಇದ್ಯಾಕೆ ಅತ್ತೆ? ಬೆಳಗ್ಗೆ ರುಬ್ಬಾಕೆ ಬೇಕಲ್ಲ."

"ಹುಚ್ಚಿ, ಇಷ್ಟು ಜಗಳ ಆಡಿ ತಂದದ್ದು ಕೆಡಿಸಾಕಾ? ಹೊಸದಾಗಿ ಒಂದು ವರ್ಷ ಗ್ಯಾರಂಟಿ ಬರೆಸೀನಿ. ತಿರುಗಿಸಿದ್ರೆ ತಾನೆ ಕೆಡೋದು?"

"ಯುಗಾದಿಗೆ ನೆಟ್ಟಗಿದ್ರೆ ಸರಿ ಅಂದಿದ್ರಿ."

"ನೆಟ್ಟಗೇ ಐತಲ್ಲ. ಯಾರು ಇಲ್ಲ ಅಂದೋರು? ಕೂಸನ್ನ ನಾನು ಹಿಡ್ಕಂತೀನಿ, ನೀನು ರುಬ್ಬು."

ಮಿಕ್ಸಿ ಸೂರಿನಡಿಯ ಹಲಗೆಯ ನಾಗೊಂದಿಗೆ ಏರಿತು. ಮನೆಯವರು ಹಿತ್ತಲಿನ ಕಲ್ಲನ್ನು ಒಳಗೆ ಉರುಳಿಸಿದರು. ಅಂದಿನಿಂದ ನಮ್ಮ ಮಿಕ್ಸಿ ಒಂದು ದಿನವೂ ಕೆಟ್ಟಿಲ್ಲ, ತವರಿನ ಹೆಸರೆತ್ತಿಲ್ಲ. ಬಂದವರಿಗೆಲ್ಲ ಅತ್ತೆ ಸೀರೆಯ ಅಂಚು ಸರಿಸಿ ತೋರಿಸಿ, "ಭಾಳ ಗಟ್ಟಿ ಮಾಲು" ಎನ್ನುತ್ತಾರೆ. ನಾನು ಕಲ್ಲಿನ ಮುಂದೆ ಕೂತು ತಲೆಯಾಡಿಸುತ್ತೇನೆ.

ಆದರೆ ಸೋತೆ ಎಂದು ಯಾರೂ ತಿಳಿಯಬಾರದು. ಅತ್ತೆ ನಾಡಿದ್ದು ಹೊನ್ನಾಳಿಯ ಮಗಳ ಮನೆಗೆ ಹೋಗುವವರಿದ್ದಾರೆ. ನಾಗೊಂದಿಗೆ ಎಟುಕುವ ಹಾಗೆ ಸ್ಟೂಲು ಎಳೆದಿಟ್ಟಿದ್ದೇನೆ.