ಭಾವನ ಅಚ್ಚುಮೆಚ್ಚು

ನಮ್ಮ ಭಾವನಿಗೆ ನನ್ನ ಮುಖ ಗೊತ್ತಿಲ್ಲ. ಸುಳ್ಳಲ್ಲ ಸ್ವಾಮಿ! ಶಿರಸಿ ಪೇಟೆಯಲ್ಲಿ ಎದುರಾದರೆ ಮೊದಲು ಕಾಲು ನೋಡಿ, ಆಮೇಲೆ "ಓ, ನೀನಾ?" ಎನ್ನುವ ಆಸಾಮಿ. ಇರುವುದು ಶೂ ಹೊಲಿಯುವ ಅಂಗಡಿ. ಆದರೆ ಹೊಲಿಯುವುದಕ್ಕಿಂತ ಅಚ್ಚು ಕೆತ್ತುವುದೇ ಹೆಚ್ಚು. ಅಚ್ಚೆಂದರೆ ಪಾದದ ಆಕಾರದ ಮರದ ತುಂಡು; ಅದರ ಮೇಲೆ ಚರ್ಮ ಎಳೆದು ಕೂರಿಸಿದರೇ ಶೂ. "ಇವರಿಗೆ ಅಚ್ಚೂ ಅದೇ, ಮೆಚ್ಚೂ ಅದೇ" ಎಂದು ಅಕ್ಕ ಗೊಣಗುತ್ತಾಳೆ.

ಯಲ್ಲಾಪುರದ ಹುಡುಗಿಯೊಂದಿಗೆ ಮದುವೆ ನಿಶ್ಚಯವಾದಾಗ, ಬುದ್ಧಿಯಿಲ್ಲದೆ ಇವರಿಗೇ ಶೂ ಹೇಳಿದೆ. ಬೆರಳ ಬುಡಕ್ಕೆ ಟೇಪು ಸುತ್ತಿದರು, ಪಾದದ ಉಬ್ಬಿಗೆ ಸುತ್ತಿದರು, ಹಿಮ್ಮಡಿಗೆ ಸುತ್ತಿದರು. ಮುಗಿಯಿತೇ? ಎಲ್ಲಿ!

"ಸಂಜೆಗೆ ಬಾ. ಬೆಳಿಗ್ಗೆ ಕಾಲು ಸುಳ್ಳು ಹೇಳ್ತದೆ. ಉಬ್ಬಿದ ಮೇಲೇ ಖರೆ ಅಳತೆ."

ಸಂಜೆ ಹೋದರೆ, "ಎಡಗಾಲು ದಪ್ಪ ಅದೆ ನಿಂದು."

"ಮದುವೆ ನಂಗೆ ಭಾವ, ಕಾಲಿಗಲ್ಲ!"

"ಆರತಕ್ಷತೆಗೆ ನಿಲ್ಲೋದು ಯಾರು ಮಾರಾಯಾ?"

ಆಮೇಲೆ ಅಚ್ಚಿಗೆ ಚರ್ಮದ ಚೂರು ಅಂಟಿಸುವುದು, ಉಜ್ಜುವುದು, ಕಿತ್ತು ಮತ್ತೆ ಅಂಟಿಸುವುದು. ಕೇಳಿದಾಗಲೆಲ್ಲ ಒಂದೇ ಉತ್ತರ: "ಅಚ್ಚು ಆಗ್ತಾ ಬಂತು."

ಅಕ್ಕನದು ಇನ್ನೊಂದು ರಗಳೆ. ಹುಟ್ಟಿನಿಂದ ಅವಳ ಎಡಪಾದ ಒಳಕ್ಕೆ ತಿರುಚಿದೆ. ಯಾವ ಮದುವೆಯಲ್ಲೂ ಫೋಟೋಗೆ ವೇದಿಕೆ ಹತ್ತಿದವಳಲ್ಲ. ಹಿಂದಿನ ಸಾಲಿನಲ್ಲಿ ಸೀರೆಯಡಿ ಕಾಲು ಮುಚ್ಚಿಕೊಂಡು ಕೂರುವವಳು. ನನಗಿರುವುದು ಅವಳೊಬ್ಬಳೇ. ನನ್ನ ಮದುವೆಯಲ್ಲಾದರೂ ವೇದಿಕೆಗೆ ಬಾರೇ ಎಂದು ಗೋಗರೆದೆ.

"ಬ್ಯಾಡ. ಚಪ್ಪಲಿ ಒತ್ತಿ ಕುಂಟ್ತೆ, ಎಲ್ಲ ಕಾಲೇ ನೋಡ್ತ್ರು."

ಆರತಕ್ಷತೆಯ ಸಂಜೆ ಭಾವ ಶೂ ಡಬ್ಬಿ ತಂದರು. ಗಡಿಬಿಡಿಯಲ್ಲಿ ಕಾಲು ತುರುಕಿದರೆ ಹೋಗದು! ಒಳಗೆ ಅಚ್ಚು ಗಟ್ಟಿಯಾಗಿ ಕೂತಿದೆ.

"ಚರ್ಮ ಒಣಗಲಿಲ್ಲ. ಈಗ ತೆಗೆದ್ರೆ ಆಕಾರ ಬಿಡ್ತದೆ."

"ಮತ್ತೆ ಎಂತಕ್ಕೆ ತಂದ್ರಿ?"

"ನೋಡಲಿಕ್ಕೆ!"

ಸೂಟು ತೊಟ್ಟು ಹವಾಯಿ ಚಪ್ಪಲಿಯಲ್ಲಿ ವೇದಿಕೆ ಹತ್ತಿದ ಮದುಮಗ ನಾನು. ಹೆಣ್ಣಿನ ಕಡೆಯವರು ಮುಸಿಮುಸಿ ನಕ್ಕರು. ನನಗೆ ಮೈಯೆಲ್ಲ ಉರಿ. "ಇಷ್ಟು ದಿನ ಎಂತ ಮಾಡ್ತಿದ್ರಿ?" ಎಂದು ಭಾವನ ಮೇಲೆ ಹಲ್ಲು ಕಡಿದೆ.

ಅವರು ಬಾಗಿಲ ಕಡೆ ಕೈ ತೋರಿಸಿದರು.

ಅಕ್ಕ ಬರುತ್ತಿದ್ದಳು. ಎಲ್ಲರ ನಡುವೆ, ನೆರಿಗೆ ಚೂರು ಎತ್ತಿ ಹಿಡಿದು! ಕಾಲಲ್ಲಿ ಹೊಸ ಕೆಂಪು ಶೂ. ಎಡಗಾಲಿನದು ಅವಳ ಪಾದದಂತೆಯೇ ತಿರುಗಿತ್ತು.

"ಅವಳ ಅಚ್ಚೇ ಕೂರಲಿಲ್ಲ ಮಾರಾಯಾ. ಕೆತ್ತಿದ್ದೆಲ್ಲ ಒಲೆಗೆ ಹೋಯ್ತು. ಹೋದ ವಾರ ಕೂತಿತು. ನಿಂದು ಹಿಂದೆ ಬಿತ್ತು."

ಸಿಟ್ಟೆಲ್ಲ ಎಲ್ಲಿ ಹೋಯಿತೋ! ಅಕ್ಕನ ಕೈ ಹಿಡಿದು ವೇದಿಕೆ ಹತ್ತಿಸಿದೆ. ಭಾವನನ್ನೂ ಫೋಟೋಗೆ ಎಳೆದುಕೊಂಡೆ.

ಆ ಫೋಟೋ ನಮ್ಮ ಗೋಡೆಯ ಮೇಲಿದೆ. ನಾನೂ ಹೆಂಡತಿಯೂ ಕ್ಯಾಮೆರಾ ನೋಡುತ್ತಿದ್ದೇವೆ. ಭಾವ, ಹೇಳಬೇಕೇ, ಅಕ್ಕನ ಕಾಲು ನೋಡುತ್ತಿದ್ದಾರೆ. ಅಕ್ಕ ಭಾವನ ಮುಖ ನೋಡುತ್ತಿದ್ದಾಳೆ.