ಚಹಾ ಬಂಗಲೆಯ ಗಾಜಿನ ಕಪಾಟು

ಸಾಕ್ಷಿ ಹೇಳುವುದು ಕಷ್ಟದ ಕೆಲಸ. ಗೋಕಾಕದ ಕೋರ್ಟಿನಲ್ಲಿ ಸಾಕ್ಷಿಗಳ ಹೇಳಿಕೆ ಟೈಪು ಮಾಡುತ್ತಲೇ ನನ್ನ ತಲೆ ಬೆಳ್ಳಗಾಗಿದೆ. ಕಂಡವರು ಕಂಡಷ್ಟನ್ನೇ ಹೇಳಿದ್ದು ಅಪರೂಪ. ಹೊಲದ ಬದುವಿನ ಜಗಳ ಹೇಳಲು ಬಂದವರು ಅಜ್ಜನ ಮದುವೆಯಿಂದ ಶುರು ಮಾಡುತ್ತಾರೆ. ಅವರನ್ನು ನೋಡಿ ಎಷ್ಟೋ ಸಲ ಒಳಗೊಳಗೇ ನಕ್ಕಿದ್ದೇನೆ. ಈಗ ನನ್ನ ಸರದಿ. ನೀಲಗಿರಿಯ ಚಹಾ ತೋಟವೊಂದರ ಹಳೆಯ ಬಂಗಲೆಯಲ್ಲಿ ಒಂದು ಬೆಳಿಗ್ಗೆ ನಡೆದದ್ದನ್ನು ಆದಷ್ಟು ನೇರವಾಗಿ ಹೇಳಲು ನೋಡುತ್ತೇನೆ.

ಅಲ್ಲಿಗೆ ಹೋದದ್ದು ಕಾಕಿಯ ಆಸೆಗಾಗಿ. ಕೌಜಲಗಿಯ ನಮ್ಮ ಕಾಕಿಗೆ, ಅಂದರೆ ಚಿಕ್ಕಪ್ಪನ ಹೆಂಡತಿಗೆ, ಸಕ್ಕರೆ ಕಾಯಿಲೆ ಬಂದಾಗ ಸಕ್ಕರೆ ಬಿಟ್ಟಳು, ಚಹಾ ಬಿಡಲಿಲ್ಲ. "ಇಷ್ಟ ವರ್ಷ ಕುಡದೇನಿ, ಅದರ ಗಿಡ ಹೆಂಗಿರತೈತಿ ಅಂತ ಒಮ್ಮೆ ನೋಡಬೇಕಪಾ ತಮ್ಮಾ," ಎಂದಿದ್ದಳು. ನಾನು, ನನ್ನ ಹೆಂಡತಿ ಶಾಂತಾ ಇಬ್ಬರೂ ಅವಳನ್ನು ಕರೆದುಕೊಂಡು ಹೊರಟೆವು. ಆ ಬಂಗಲೆ ಬಿಳಿ ಸಾಹೇಬರ ಕಾಲದ್ದು. ಈಗ ನಮ್ಮಂಥವರೂ ಉಳಿದುಕೊಳ್ಳಬಹುದು, ಆದರೆ ಕುರ್ಚಿಗಳಿಗೆ ಆ ವಿಷಯ ಇನ್ನೂ ತಿಳಿದಂತಿಲ್ಲ, ಕುಳಿತರೆ ಗೊಣಗುತ್ತವೆ. ಮೈಸೂರಿನವರಾದ ಮ್ಯಾನೇಜರು ಸಂಜೆ ನಮಗೆ ಎಲ್ಲವನ್ನೂ ತೋರಿಸಿದರು. ಹಜಾರದ ಗಾಜಿನ ಕಪಾಟಿನಲ್ಲಿ ಸಾಹೇಬರ ಬೆಳ್ಳಿ ಸಾಮಾನು. ಅದರಲ್ಲಿ ಕಾಲಿರುವ ಪುಟ್ಟ ಪುಟ್ಟ ಬಟ್ಟಲುಗಳನ್ನು ತೋರಿಸಿ, "ಬೇಯಿಸಿದ ಮೊಟ್ಟೆ ಇಟ್ಕೊಂಡು ತಿನ್ನೋಕೆ ಸಾರ್, ಈಗ ಯಾರೂ ಬಳಸಲ್ಲ," ಎಂದರು. ಕಾಕಿ ಆಗ ಗೋಡೆಯ ಗಡಿಯಾರ ನೋಡುತ್ತ ನಿಂತಿದ್ದಳು. ಹಾಗೆಂದು ನಾನು ತಿಳಿದಿದ್ದೆ.

ಮರುದಿನ ಬೆಳಿಗ್ಗೆ ಸ್ನಾನ ಮುಗಿಸುವಾಗ ಕಾಕಿಯ ಕೊರಳಿನ ಶಿವದಾರ ಹರಿಯಿತು. ಇಷ್ಟಲಿಂಗವಿರುವ ಬೆಳ್ಳಿಯ ಗುಂಡಗಡಗಿಯನ್ನು ಆ ದಾರದಲ್ಲೇ ಕಟ್ಟಿಕೊಳ್ಳುವುದು. ಅವಳು ಅದನ್ನು ಕಿಟಕಿಯ ಕಟ್ಟೆಯ ಮೇಲೆ, ಮಡಿಚಿದ ವಸ್ತ್ರದ ಮೇಲಿಟ್ಟು, ಹೊಸ ದಾರಕ್ಕೆಂದು ನಮ್ಮ ಕೋಣೆಗೆ ಬಂದಳು. ದಾರ ಶಾಂತಾಳ ಚೀಲದಲ್ಲಿತ್ತು; ಚೀಲದ ತಳದಲ್ಲಿ, ರೊಟ್ಟಿ ಗಂಟಿನ ಕೆಳಗೆ, ಶೇಂಗಾ ಚಟ್ನಿಯ ಡಬ್ಬಿಯ ಕೆಳಗೆ. ಹುಡುಕಿ ತೆಗೆಯುವಷ್ಟರಲ್ಲಿ ಊರಿನ ಸುದ್ದಿಯೆಲ್ಲ ಮುಗಿದು ಅರ್ಧ ತಾಸು ಕಳೆದಿತ್ತು. ಕಾಕಿ ತಿರುಗಿ ಹೋದಾಗ ವಸ್ತ್ರವಿತ್ತು, ಗುಂಡಗಡಗಿ ಇರಲಿಲ್ಲ.

"ಕಾಣವಲ್ದು," ಎಂದಳು, ಅಷ್ಟೇ. ಕಾಕಿ ಲಿಂಗವನ್ನು ಅಂಗೈಯಲ್ಲಿಟ್ಟು ಪೂಜಿಸದೆ ನೀರು ಮುಟ್ಟುವವಳಲ್ಲ. ಸಣ್ಣವಳಿದ್ದಾಗ ದೀಕ್ಷೆಯಾದಂದಿನಿಂದ ಮುಟ್ಟಿಲ್ಲ. ಇತ್ತ ಅವಳ ಸಕ್ಕರೆ ಕಾಯಿಲೆಯ ಗುಳಿಗಿಯ ಹೊತ್ತಾಗಿತ್ತು, ಹೊಟ್ಟೆಗೆ ಏನಾದರೂ ಬೀಳಲೇಬೇಕಿತ್ತು.

ಕೋಣೆ ಗುಡಿಸುವ ಮುರುಗನ್ ಎಂಬಾತ ಹಜಾರದಲ್ಲಿದ್ದ. ಅವನಿಗೆ ತಮಿಳು ಬಿಟ್ಟು ಬೇರೆ ಬಾರದು, ನನಗೆ ತಮಿಳು ಬಾರದು. ನಾನು ಬೆರಳುಗಳಿಂದ ಗುಂಡಗಿನ ಆಕಾರ ಮಾಡಿ, ಕೊರಳು ಮುಟ್ಟಿ, ಕಾಕಿಯ ಕೋಣೆಯತ್ತ ಕೈ ಮಾಡಿದೆ. ಅವನು ಬಹಳ ಮರ್ಯಾದೆಯಿಂದ ತಲೆಯಾಡಿಸಿ ಅಡಿಗೆಮನೆಗೆ ಹೋಗಿ, ಎರಡು ಬೇಯಿಸಿದ ಮೊಟ್ಟೆ ತಂದ. ಸುಮ್ಮನೆ ತರಲಿಲ್ಲ, ಬಟ್ಟಲಿಗೆ ಬೀಗ ಬಿದ್ದಿದೆ, ಏನು ಮಾಡಲಿ ಎನ್ನುವಂತೆ ಗಾಜಿನ ಕಪಾಟನ್ನು ತೋರಿಸಿದ. ಅವನ ಬೆರಳಿನ ಹಿಂದೆ ನನ್ನ ಕಣ್ಣು ಹೋಯಿತು. ಮೊಟ್ಟೆ ಬಟ್ಟಲುಗಳ ಸಾಲಿನಲ್ಲಿ, ಒಂದರ ಮೇಲೆ, ಚೆನ್ನಾಗಿ ಉಜ್ಜಿ ಫಳಫಳ ಹೊಳೆಯುತ್ತ ಕಾಕಿಯ ಗುಂಡಗಡಗಿ ಕುಳಿತಿತ್ತು.

ಅವನ ತಪ್ಪೆಂದು ಹೇಳಲಾರೆ. ದಿನಾ ಬೆಳಿಗ್ಗೆ ಬೆಳ್ಳಿ ಉಜ್ಜಿಡುವುದು ಅವನ ಕೆಲಸ. ಬಂಗಲೆಯಲ್ಲಿ ಕಂಡ ಬೆಳ್ಳಿಯೆಲ್ಲ ಬಂಗಲೆಯದೇ ಎಂದುಕೊಂಡ. ಗುಂಡಗಿನ ವಸ್ತು ಉರುಳದಿರಲೆಂದು ಅದಕ್ಕೆ ಹೊಂದುವ ಜಾಗ ಕೊಟ್ಟ. ಮ್ಯಾನೇಜರು ಎಂದಿನಂತೆ, ಒಳಗೆ ನೋಡದೆಯೇ ಬೀಗ ಹಾಕಿ, ಕೀಲಿ ಜೇಬಿಗಿಟ್ಟುಕೊಂಡು ಜೀಪಿನಲ್ಲಿ ಕೆಳಗಿನ ಊರಿಗೆ ಇಳಿದಿದ್ದರು. ಫೋನು ಮಾಡಿದರೆ ಹತ್ತುತ್ತಿರಲಿಲ್ಲ.

ಕಾಕಿಯ ಕಣ್ಣಿಗೆ ಬೀಳುವ ಮೊದಲೇ ಮೊಟ್ಟೆಗಳನ್ನು ವಾಪಸು ಕಳಿಸಿ ಅವಳನ್ನು ಕರೆದೆ. ಅವಳು ಗಾಜಿಗೆ ಮುಖ ಹತ್ತಿರ ತಂದು ನೋಡಿದಳು.

"ಅದರ ಕೆಳಗಿನ ಬಟ್ಟಲ ಏನದು?"

"ಸ್ಟ್ಯಾಂಡ್ ಕಾಕಿ. ಬೆಳ್ಳೀದು."

"ಹೂಂ," ಎಂದಳು.

ಶಾಂತಾ ನನ್ನತ್ತ ತಿರುಗಿ, "ಏನ್ರಿ, ಗಾಜ ಒಡೀರಿ. ಅತ್ತಿ ಕೈ ನಡಗಾಕತ್ತೈತಿ, ನೋಡ್ರಿ," ಎಂದಳು. ಖರೆಯೇ, ಕಾಕಿಯ ಬೆರಳು ನಡುಗುತ್ತಿದ್ದವು, ಹಣೆಯಲ್ಲಿ ಬೆವರು. ನಾನು ಹಜಾರದ ಚಳಿ ಕಾಯಿಸುವ ಒಲೆಯ ಬಾಜೂದಿಂದ ಕಟ್ಟಿಗೆ ಎತ್ತಿಕೊಂಡೆ.

"ಇಡು ಅದನ್ನ," ಎಂದಳು ಕಾಕಿ. "ಶಿವಾ ಒಳಗ ಆರಾಮ ಅದಾನ. ಅವನ ಮ್ಯಾಲ ಗಾಜ ಬೀಳಸ್ತಿ ಏನ?"

ಅವಳು ಕುರ್ಚಿಯನ್ನು ಕಪಾಟಿನ ಮುಂದಕ್ಕೆ ಎಳೆಸಿ, ಕುಳಿತು, ಬರಿದಾದ ಅಂಗೈಯನ್ನು ಎದೆಯ ಮುಂದೆ ಹಿಡಿದು ಕಣ್ಣು ಮುಚ್ಚಿದಳು. ಕುರ್ಚಿ ಗೊಣಗಲಿಲ್ಲ. ಮುರುಗನ್ ಕೈಮುಗಿದು ಬಾಗಿಲ ಬಳಿ ನಿಂತ. ಕಿಟಕಿಯಾಚೆ ಬೆಟ್ಟದ ತುಂಬ ಚಹಾ, ಒಳಗೆ ಒಂದು ಗುಟುಕು ಕುಡಿಯುವ ಧೈರ್ಯ ಯಾರಿಗೂ ಇಲ್ಲ. ಕಾಕಿಯ ತಲೆ ಒಮ್ಮೆ ಮುಂದಕ್ಕೆ ವಾಲಿತು. ಶಾಂತಾ ಹಿಂದಿನಿಂದ ಹಿಡಿದುಕೊಂಡಳು. ನಾನು ಮತ್ತೆ ಕಟ್ಟಿಗೆಗೆ ಕೈ ಹಾಕಿದೆ. ಅಷ್ಟರಲ್ಲಿ ಏರಿನಲ್ಲಿ ಜೀಪಿನ ಸದ್ದು ಕೇಳಿತು.

ಮ್ಯಾನೇಜರು ವಿಷಯ ತಿಳಿದು ಬೆಳ್ಳಗಾದರು. ಕೀಲಿ ಎರಡು ಸಲ ಕೈಜಾರಿತು. ಕಾಕಿ ಗುಂಡಗಡಗಿಯನ್ನು ಕಣ್ಣಿಗೊತ್ತಿಕೊಂಡು ಒಳಗೆ ಹೋದಳು. ಪೂಜೆ ಮುಗಿಸಿ, ಹೊಸ ದಾರದಲ್ಲಿ ಕಟ್ಟಿಕೊಂಡು, ರೊಟ್ಟಿ ತಿಂದು, ಗುಳಿಗಿ ನುಂಗಿದ ಮೇಲೆ ಚಹಾ ಕೇಳಿದಳು. ಮುಖಕ್ಕೆ ಬಣ್ಣ ಬಂದಿತ್ತು.

"ತಮ್ಮಾ, ತತ್ತಿ ಬಟ್ಟಲ ಅಂತ ನಿನ್ನೆ ಇವರು ಹೇಳಿದ್ದು ನಾನೂ ಕೇಳೇನಿ," ಎಂದಳು, ಬಸಿಗೆ ಸುರಿದುಕೊಂಡ ಚಹಾ ಊದುತ್ತ. "ಸ್ಟ್ಯಾಂಡ್ ಅಂತ, ಸ್ಟ್ಯಾಂಡ್. ಕೋರ್ಟನ್ಯಾಗೂ ಹಿಂಗ ಟೈಪ್ ಮಾಡ್ತಿ ಏನ?"

ಶಾಂತಾ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು. ಪಾಪ, ಮ್ಯಾನೇಜರಿಗೆ ಇನ್ನೂ ಸಮಾಧಾನವಾಗಿರಲಿಲ್ಲ. ನನ್ನತ್ತ ಬಾಗಿ ಕೇಳಿದರು: "ಸಾರ್, ನಿಮ್ಮ ಕೊರಳಿನದು ಜೋಪಾನವಾಗಿದೆಯಲ್ಲಾ? ಅದೂ ಎಲ್ಲಾದ್ರೂ ಸೇರಿಕೊಂಡಿದ್ರೆ ಹೇಳಿ, ಈಗಲೇ ಹುಡುಕಿಸ್ತೀನಿ."

ನನ್ನ ಕೈ ತಾನಾಗಿ ಎದೆಗೆ ಹೋಯಿತು. ಅಲ್ಲಿ ಅಂಗಿಯ ಗುಂಡಿ ಮಾತ್ರ ಸಿಕ್ಕಿತು.

"ಅವನ ಚಿಂತಿ ಬ್ಯಾಡ್ರಿ," ಎಂದಳು ಕಾಕಿ. "ಅವನದೂ ಕಪಾಟಿನ್ಯಾಗನ ಐತಿ, ಗೋಕಾಕದಾಗ. ಅದರ ಕೀಲಿ ಅವನ ಕಿಸೆದಾಗನ ಐತಿ."

ಇಷ್ಟು ವರ್ಷಗಳಲ್ಲಿ ನಾನು ಕೇಳಿದ ಹೇಳಿಕೆಗಳಲ್ಲಿ ಅಷ್ಟು ಚಿಕ್ಕದು, ಅಷ್ಟು ನೇರವಾದದ್ದು ಇನ್ನೊಂದಿಲ್ಲ. ನಾನು ಬಸಿಯೊಳಗೆ ಮುಖವಿಟ್ಟು ಚಹಾ ಕುಡಿದೆ. ಅದು ಬಹಳ ಒಳ್ಳೆಯ ಚಹಾ ಎಂದು ಆಮೇಲೆ ಶಾಂತಾ ಹೇಳಿದಳು.